ಫೋನ್ ಅಡ್ಡ ಹಿಡಿಯಬೇಕೋ, ಉದ್ದ ಹಿಡಿಯಬೇಕೋ?

ಪ್ರಶ್ನೆ: ಅಪ್ಪನಿಗೆ ಎಪ್ಪತ್ತೈದು ತುಂಬಿದ ದಿನ ಮನೆಮಂದಿಯೆಲ್ಲ ಸೇರಿದ್ದೆವು. ಫೋಟೋ, ವಿಡಿಯೋ ಎಲ್ಲ ನಾನೇ ಫೋನಿನಲ್ಲಿ ತೆಗೆದೆ. ಆಮೇಲೆ ಟಿವಿಗೆ ಹಾಕಿ ನೋಡಿದರೆ ವಿಡಿಯೋ ನಡುವೆ ಒಂದು ಪಟ್ಟಿಯ ಹಾಗೆ ಕಾಣುತ್ತದೆ, ಎರಡೂ ಕಡೆ ಬರೀ ಕಪ್ಪು. ಗ್ರೂಪ್ ಫೋಟೋ 4×6 ಪ್ರಿಂಟ್ ಹಾಕಿಸಿದರೆ ಹಿಂದಿನ ಸಾಲಿನವರ ತಲೆಯೇ ಅರ್ಧ ಹೋಗಿದೆ. ಅಣ್ಣ 'ಯಾವಾಗಲೂ ಫೋನ್ ಅಡ್ಡ ಹಿಡಿ' ಅನ್ನುತ್ತಾನೆ. ಮಗಳು 'ಅಡ್ಡ ಹಿಡಿದರೆ ಯಾರೂ ನೋಡಲ್ಲಮ್ಮ' ಅನ್ನುತ್ತಾಳೆ. ಕ್ಯಾಮೆರಾದಲ್ಲಿ 4:3, 16:9, 1:1, ಫುಲ್ ಅಂತ ನಾಲ್ಕು ಆಯ್ಕೆ ಇದೆ. ಯಾವುದನ್ನು ಒತ್ತಿದರೆ ಸರಿ?

ಉತ್ತರ: ನಿಮ್ಮ ಅಣ್ಣನ ಮಾತೂ ಸುಳ್ಳಲ್ಲ, ಮಗಳ ಮಾತೂ ಸುಳ್ಳಲ್ಲ. ಅಣ್ಣ ಟಿವಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳುತ್ತಿದ್ದಾರೆ. ಮಗಳು ಕೈಯಲ್ಲಿರುವ ಫೋನ್ ನೋಡಿಕೊಂಡು ಹೇಳುತ್ತಿದ್ದಾಳೆ. ಈ ಜಗಳ ಬಿಡಿಸುವ ಮುಂಚೆ ನಿಮ್ಮ ಪ್ರಶ್ನೆಯನ್ನು ಎರಡು ಮಾಡಿಕೊಳ್ಳುತ್ತೇನೆ. ಫೋಟೋದ ಕತೆಯೇ ಬೇರೆ, ವಿಡಿಯೋದ ಕತೆಯೇ ಬೇರೆ. ಫೋಟೋದ ಆಕಾರವನ್ನು ತೆಗೆದಾದ ಮೇಲೂ ನಿಧಾನವಾಗಿ ಯೋಚಿಸಬಹುದು. ವಿಡಿಯೋದಲ್ಲಿ ಕೆಂಪು ಬಟನ್ ಒತ್ತುವ ಮುಂಚೆಯೇ ಯೋಚಿಸಿರಬೇಕು.

ಆಸ್ಪೆಕ್ಟ್ ರೇಶಿಯೋ ಅಂದರೆ ಚಿತ್ರದ ಎರಡು ಬದಿಗಳ ನಡುವಿನ ಲೆಕ್ಕ. 4:3 ಅಂದರೆ ದೊಡ್ಡ ಬದಿ ನಾಲ್ಕು ಪಾಲು, ಚಿಕ್ಕ ಬದಿ ಮೂರು ಪಾಲು. ಚಿತ್ರದ ಗಾತ್ರಕ್ಕೂ ಇದಕ್ಕೂ ಸಂಬಂಧ ಇಲ್ಲ. ಅಂಚೆ ಚೀಟಿಯಷ್ಟು ಚಿತ್ರವೂ 4:3 ಇರಬಹುದು, ಗೋಡೆಯಷ್ಟು ಪೋಸ್ಟರೂ 4:3 ಇರಬಹುದು. ಅದೇ ಆಯತವನ್ನು ಮಲಗಿಸುತ್ತೀರೋ ನಿಲ್ಲಿಸುತ್ತೀರೋ ಅನ್ನುವುದು ಎರಡನೇ ವಿಷಯ. ಮಲಗಿಸಿ ಹಿಡಿದರೆ 'ಅಡ್ಡ', ನಿಲ್ಲಿಸಿ ಹಿಡಿದರೆ 'ಉದ್ದ' ಅಂತ ಇಲ್ಲಿ ಕರೆಯುತ್ತೇನೆ.

ಮೊದಲು ಆ ನಾಲ್ಕು ಆಯ್ಕೆ ನೋಡೋಣ. ಲೆನ್ಸಿನ ಹಿಂದೆ ಬೆಳಕನ್ನು ಹಿಡಿಯುವ ಒಂದು ಚಿಕ್ಕ ಚಿಪ್ ಇರುತ್ತದೆ, ಅದೇ ಸೆನ್ಸರ್. ಹೆಚ್ಚುಕಡಿಮೆ ಎಲ್ಲ ಫೋನ್‌ಗಳಲ್ಲೂ ಹಿಂಬದಿ ಕ್ಯಾಮೆರಾದ ಸೆನ್ಸರ್ ಇರುವುದು 4:3 ಆಕಾರದಲ್ಲಿ. ಅಂದರೆ 4:3 ಇಟ್ಟರೆ ಕ್ಯಾಮೆರಾ ಕಂಡದ್ದೆಲ್ಲ ನಿಮಗೆ ಸಿಗುತ್ತದೆ. ಉಳಿದ ಮೂರೂ ಅದರಿಂದ ಕತ್ತರಿಸಿದ ತುಂಡುಗಳು.

ಎಷ್ಟು ಕತ್ತರಿಸುತ್ತವೆ? 12 ಮೆಗಾಪಿಕ್ಸೆಲ್ ಫೋಟೋ ತೆಗೆದುಕೊಳ್ಳಿ. 4:3ರಲ್ಲಿ ಅದು 4032×3024 ಪಿಕ್ಸೆಲ್. 16:9 ಇಟ್ಟರೆ 4032×2268 ಉಳಿಯುತ್ತದೆ, ಅಂದರೆ ಸುಮಾರು 9 ಮೆಗಾಪಿಕ್ಸೆಲ್. 1:1 ಇಟ್ಟರೆ 3024×3024, ಅದೂ ಸುಮಾರು 9. ಎರಡರಲ್ಲೂ ಸರಿಯಾಗಿ ಮುಕ್ಕಾಲು ಪಾಲು ಉಳಿಯುತ್ತದೆ. ಫೋನ್ ಅಡ್ಡ ಇದ್ದಾಗ 16:9 ಮೇಲೆ ಕೆಳಗೆ ಕತ್ತರಿಸುತ್ತದೆ, 1:1 ಅಕ್ಕಪಕ್ಕ ಕತ್ತರಿಸುತ್ತದೆ. ಇನ್ನು 'ಫುಲ್'. ಹೆಸರು ಕೇಳಿದರೆ ಪೂರ್ತಿ ಸಿಗುತ್ತದೆ ಅನ್ನಿಸುತ್ತದೆ, ಅಲ್ವಾ? ನಾಲ್ಕರಲ್ಲಿ ಅತಿ ಕಡಿಮೆ ಸಿಗುವುದು ಅದರಲ್ಲೇ. ಫುಲ್ ಅಂದರೆ ನಿಮ್ಮ ಫೋನಿನ ಪರದೆ ತುಂಬುವಷ್ಟು ಅಂತ ಅರ್ಥ. ಪರದೆ 20:9 ಇದ್ದರೆ ಸೆನ್ಸರಿನ ನೂರರಲ್ಲಿ 60 ಪಾಲು ಮಾತ್ರ ಫೋಟೋಗೆ ಬರುತ್ತದೆ, 40 ಪಾಲು ಹೋಯಿತು. 50 ಮೆಗಾಪಿಕ್ಸೆಲ್ ಫೋನಾದರೂ ಪಾಲಿನ ಲೆಕ್ಕ ಇದೇ.

ನನ್ನ ಮಾತು ನಂಬಬೇಕಿಲ್ಲ. ಫೋನನ್ನು ಪುಸ್ತಕದ ರಾಶಿಗೆ ಒರಗಿಸಿ, ಅಲುಗಾಡದ ಹಾಗೆ ಅಡ್ಡ ಇಡಿ. ನಾಲ್ಕು ಆಯ್ಕೆಯಲ್ಲೂ ಒಂದೊಂದು ಫೋಟೋ ತೆಗೆಯಿರಿ. ಆಮೇಲೆ ನಾಲ್ಕು ಮೂಲೆಗಳನ್ನಷ್ಟೇ ಹೋಲಿಸಿ ನೋಡಿ. 16:9 ನೋಡಲು ಅಗಲವಾಗಿರುತ್ತದೆ. ಆದರೆ ಎಡಬಲದಲ್ಲಿ ಹೊಸದೇನೂ ಒಳಗೆ ಬಂದಿರುವುದಿಲ್ಲ, ಮೇಲಿನದೂ ಕೆಳಗಿನದೂ ಹೋಗಿರುತ್ತದೆ.

ಆದ್ದರಿಂದ ಫೋಟೋಗೆ ನನ್ನ ಉತ್ತರ ಒಂದೇ: 4:3 ಇಟ್ಟು ಮರೆತುಬಿಡಿ. ಚೌಕ ಬೇಕಾದರೆ ಆಮೇಲೆ ಕತ್ತರಿಸಿಕೊಳ್ಳಬಹುದು, 16:9 ಬೇಕಾದರೂ ಅಷ್ಟೇ. ಕತ್ತರಿಸಿದ್ದನ್ನು ವಾಪಸ್ ತರುವುದು ಮಾತ್ರ ಕಷ್ಟ. ಕೆಲವು ಫೋನ್‌ಗಳು ಕತ್ತರಿಸಿದ ಭಾಗವನ್ನೂ ಒಳಗೆ ಇಟ್ಟುಕೊಂಡಿರುತ್ತವೆ, ಎಡಿಟ್‌ಗೆ ಹೋದರೆ ಸಿಗುತ್ತದೆ. ಅದನ್ನು ನಂಬಿಕೊಂಡು ಕೂರಬೇಡಿ. 'ಇಲ್ಲ, ನನಗೆ ಚೌಕದಲ್ಲಿ ನೋಡಿಕೊಂಡು ತೆಗೆದರೇ ಚೆನ್ನಾಗಿ ಬರುತ್ತದೆ' ಅನ್ನುವವರೂ ಇದ್ದಾರೆ. ಅದು ಒಪ್ಪುವ ಮಾತೇ. ಚೌಕಟ್ಟು ಬದಲಾದರೆ ಕಣ್ಣು ಜೋಡಿಸುವ ರೀತಿಯೂ ಬದಲಾಗುತ್ತದೆ. ಆದರೆ ಮನೆಮಂದಿ ಸೇರಿದ ದಿನ ಆ ಪ್ರಯೋಗ ಬೇಡ.

ಈಗ ನಿಮ್ಮ ಪ್ರಿಂಟ್ ವಿಷಯ. ಇದರ ಹಿಂದೆ ನೂರು ವರ್ಷಕ್ಕೂ ಹಳೆಯ ಕತೆ ಇದೆ. 1890ರ ದಶಕದ ಆರಂಭದಲ್ಲಿ ಎಡಿಸನ್ ಪ್ರಯೋಗಾಲಯದಲ್ಲಿ ವಿಲಿಯಂ ಡಿಕ್ಸನ್ ಸಿನಿಮಾ ಕ್ಯಾಮೆರಾ ಮಾಡುತ್ತಿದ್ದರು. 35 ಮಿಲಿಮೀಟರ್ ಅಗಲದ ಫಿಲ್ಮಿನ ಅಂಚಿನಲ್ಲಿ ಸಾಲಾಗಿ ತೂತುಗಳು. ಒಂದು ಚಿತ್ರಕ್ಕೆ ನಾಲ್ಕು ತೂತಿನಷ್ಟು ಎತ್ತರ ಅಂತ ಅವರು ಇಟ್ಟರು, ಚಿತ್ರದ ಆಕಾರ 4:3 ಆಯಿತು. ಅದನ್ನೇ ಟಿವಿ ತೆಗೆದುಕೊಂಡಿತು. ಟಿವಿಯಿಂದ ಕಂಪ್ಯೂಟರ್ ಮಾನಿಟರಿಗೆ ಬಂತು, ಚಿಕ್ಕ ಡಿಜಿಟಲ್ ಕ್ಯಾಮೆರಾಗಳಿಗೆ ಬಂತು, ಕೊನೆಗೆ ಫೋನಿಗೂ ಬಂತು. ಈ ನಡುವೆ ಜರ್ಮನಿಯಲ್ಲಿ ಆಸ್ಕರ್ ಬಾರ್ನಾಕ್ ಅದೇ ಸಿನಿಮಾ ಫಿಲ್ಮನ್ನು ಒಂದು ಪುಟ್ಟ ಫೋಟೋ ಕ್ಯಾಮೆರಾದೊಳಗೆ ಅಡ್ಡ ಓಡಿಸಿದರು. ಸಿನಿಮಾದ ಎರಡು ಚಿತ್ರದಷ್ಟು ಜಾಗವನ್ನು ಒಂದು ಫೋಟೋಗೆ ಕೊಟ್ಟರು. 18×24 ಮಿಲಿಮೀಟರ್ ಇದ್ದದ್ದು 24×36 ಆಯಿತು. 4:3 ಹೋಗಿ 3:2 ಬಂತು. ಆ ಕ್ಯಾಮೆರಾವೇ ಲೈಕಾ, ಮಾರುಕಟ್ಟೆಗೆ ಬಂದದ್ದು 1925ರಲ್ಲಿ. ಮುಂದೆ ಮನೆಮನೆಯ ಫಿಲ್ಮ್ ರೋಲ್ ಎಲ್ಲ ಇದೇ ಆಕಾರ. ಆ ಫಿಲ್ಮಿಗೆ ಹೊಂದುವ ಕಾಗದವೇ 4×6 ಇಂಚು.

ನಿಮ್ಮ ಫೋನ್ ಡಿಕ್ಸನ್ ಆಕಾರದಲ್ಲಿ ತೆಗೆಯುತ್ತದೆ, ಪ್ರಿಂಟ್ ಹಾಕುವವರ ಬಳಿ ಇರುವುದು ಬಾರ್ನಾಕ್ ಆಕಾರದ ಕಾಗದ. ಅಡ್ಡ ತೆಗೆದ 4:3 ಫೋಟೋವನ್ನು ಆರು ಇಂಚು ಅಗಲಕ್ಕೆ ಹಿಗ್ಗಿಸಿದರೆ ಎತ್ತರ ನಾಲ್ಕೂವರೆ ಇಂಚು ಬೇಕು. ಕಾಗದ ಇರುವುದು ನಾಲ್ಕೇ ಇಂಚು. ಮೆಷಿನ್ ಮೇಲೆ ಕಾಲು ಇಂಚು, ಕೆಳಗೆ ಕಾಲು ಇಂಚು ಹಾರಿಸಿಬಿಡುತ್ತದೆ. ಹಿಂದಿನ ಸಾಲಿನವರ ತಲೆ ಹೋದದ್ದು ಆ ಕಾಲು ಇಂಚಿನಲ್ಲಿ.

ಸಮಾಧಾನದ ಸಂಗತಿ ಏನೆಂದರೆ, ನಿಮ್ಮ ಫೋನಿನಲ್ಲಿರುವ ಮೂಲ ಫೋಟೋದಲ್ಲಿ ಎಲ್ಲರ ತಲೆಯೂ ಹಾಗೇ ಇದೆ. ತೆರೆದು ನೋಡಿ. ಅದನ್ನೇ ಇನ್ನೊಮ್ಮೆ ಪ್ರಿಂಟ್ ಹಾಕಿಸಿ. ಈ ಸಲ ಕೊಡುವಾಗ 'ಕತ್ತರಿಸದೆ ಪೂರ್ತಿ ಹಾಕಿ, ಪಕ್ಕದಲ್ಲಿ ಬಿಳಿ ಬಂದರೆ ಪರವಾಗಿಲ್ಲ' ಅಂತ ಹೇಳಿ. ಬಿಳಿ ಅಂಚು ಇಷ್ಟವಿಲ್ಲದಿದ್ದರೆ ಅಳತೆ ಬದಲಿಸಿ. 6×8 ಇಂಚು ಸರಿಯಾಗಿ 4:3, ಒಂದು ಕೂದಲೂ ಹೋಗುವುದಿಲ್ಲ. 5×7 ಮತ್ತು ಎ4 ಸ್ವಲ್ಪ ಕತ್ತರಿಸುತ್ತವೆ, ನೂರಕ್ಕೆ ಐದಾರು ಪಾಲು. 8×12, 12×18 ಎರಡೂ 4×6ರ ಅಣ್ಣತಮ್ಮಂದಿರೇ, ಒಂಬತ್ತರಲ್ಲಿ ಒಂದು ಪಾಲು ನುಂಗುತ್ತವೆ. 8×10 ಮಾತ್ರ ಉಲ್ಟಾ. ಅದು ಮೇಲೆ ಕೆಳಗೆ ಬಿಟ್ಟು ಅಕ್ಕಪಕ್ಕ ಕತ್ತರಿಸುತ್ತದೆ, ಸಾಲಿನ ತುದಿಯಲ್ಲಿ ನಿಂತವರ ಭುಜ ಹೋಗುತ್ತದೆ. 4×6 ಆಲ್ಬಮ್ಮೇ ಬೇಕು ಅಂದರೆ ಫೋನಿನಲ್ಲೇ ಕ್ರಾಪ್ ತೆರೆದು 3:2 ಆರಿಸಿ, ಏನು ಉಳಿಯಬೇಕು ಏನು ಹೋಗಬೇಕು ಅಂತ ನೀವೇ ನಿರ್ಧಾರ ಮಾಡಿ ಕಳುಹಿಸಿ. ಮೆಷಿನ್ನಿಗೆ ನಿಮ್ಮ ಅತ್ತೆಯ ತಲೆ ಯಾವುದು, ಗೋಡೆ ಯಾವುದು ಗೊತ್ತಿಲ್ಲ.

ಮುಂದಿನ ಸಲ ತೆಗೆಯುವಾಗ ಎರಡು ಹೆಜ್ಜೆ ಹಿಂದೆ ಸರಿಯಿರಿ. ಹಿಂದಿನ ಸಾಲಿನ ತಲೆಗಳ ಮೇಲೆ ಇನ್ನೊಂದು ತಲೆ ಹಿಡಿಸುವಷ್ಟು ಜಾಗ ಬಿಡಿ. ತುದಿಗಳಲ್ಲೂ ಸ್ವಲ್ಪ ಬಿಡಿ. ಫೋನಿನಲ್ಲಿ ನೋಡುವಾಗ 'ಏನಿದು ಇಷ್ಟೊಂದು ಖಾಲಿ' ಅನ್ನಿಸುತ್ತದೆ, ಅನ್ನಿಸಲಿ. ಆ ಖಾಲಿ ಜಾಗವೇ ಮುಂದೆ ಯಾವ ಅಳತೆಗೆ ಬೇಕಾದರೂ ಕತ್ತರಿಸಲು ಬರುತ್ತದೆ.

ಹಿಂದೆ ಸರಿಯಲು ಜಾಗ ಇಲ್ಲ ಅಂತ ಕೆಲವರು 0.5ರ ವೈಡ್ ಲೆನ್ಸಿಗೆ ಹೋಗುತ್ತಾರೆ. ಗುಂಪಿನ ಫೋಟೋಗೆ ಅದು ಕೊನೆಯ ಉಪಾಯವಾಗಿರಲಿ. ಅಷ್ಟು ಅಗಲ ನೋಡುವ ಲೆನ್ಸ್ ಅಂಚಿನಲ್ಲಿರುವ ಮುಖವನ್ನು ಪಕ್ಕಕ್ಕೆ ಎಳೆದು ದಪ್ಪ ಮಾಡುತ್ತದೆ. ತುದಿಯಲ್ಲಿ ನಿಂತವರು ಆ ಫೋಟೋವನ್ನು ಜೀವಮಾನದಲ್ಲಿ ಇಷ್ಟಪಡುವುದಿಲ್ಲ! ಸಾಲನ್ನು ಎರಡು ಮಾಡಿ, ಕೆಲವರನ್ನು ಕೂರಿಸಿ, ಮಾಮೂಲಿ 1ರ ಲೆನ್ಸಿನಲ್ಲೇ ತೆಗೆಯಿರಿ.

ಫೋಟೋದಲ್ಲಿ ಅಡ್ಡ ಯಾವಾಗ, ಉದ್ದ ಯಾವಾಗ? ಎದುರಿಗಿರುವುದು ಹರಡಿಕೊಂಡಿದೆಯೋ, ನಿಂತಿದೆಯೋ ನೋಡಿ. ಸಾಲಾಗಿ ನಿಂತ ಜನ, ಬೆಟ್ಟಸಾಲು, ಮೇಜಿನ ಸುತ್ತ ಕೂತವರು, ಇವೆಲ್ಲ ಅಡ್ಡ. ನಿಂತ ಒಬ್ಬ ವ್ಯಕ್ತಿ, ಮರ, ಎತ್ತರದ ಬಾಗಿಲು, ಇವು ಉದ್ದ. ಒಬ್ಬರ ಮುಖ ಮಾತ್ರ ಆದರೆ ನಾನು ಉದ್ದ ಹಿಡಿಯುತ್ತೇನೆ, ಎರಡು ಪಕ್ಕದ ಬೇಡದ ಸಾಮಾನು ತಾನಾಗಿಯೇ ಹೊರಗೆ ಹೋಗುತ್ತದೆ. ಆದರೆ ಆ ವ್ಯಕ್ತಿ ಏನೋ ಮಾಡುತ್ತಿದ್ದರೆ ಅಡ್ಡ ಹಿಡಿಯುತ್ತೇನೆ. ಅಪ್ಪ ಕಿಟಕಿ ಪಕ್ಕ ಕೂತು ಓದುತ್ತಿದ್ದರೆ ಆ ಕಿಟಕಿಯೂ ಬೇಕು, ಅದರ ಬೆಳಕೂ ಬೇಕು. ಆಗ ಅವರು ನೋಡುತ್ತಿರುವ ಕಡೆ ಜಾಗ ಜಾಸ್ತಿ ಬಿಡಿ. ಓಡುವ ಮಗು, ಸೈಕಲ್ ಇವಕ್ಕೂ ಹಾಗೇ, ಹೋಗುವ ದಿಕ್ಕಿನಲ್ಲಿ ಜಾಗ ಇರಬೇಕು.

ಇಬ್ಬರು ಪಕ್ಕಪಕ್ಕ ನಿಂತಾಗ ಜನ ಸುಮ್ನೆ ಉದ್ದ ಹಿಡಿದುಬಿಡುತ್ತಾರೆ. ಕಾಲಿನ ತನಕ ಬೇಕಾದರೆ ಸರಿ. ಸೊಂಟದ ತನಕ ಸಾಕು ಅಂದರೆ ಇಬ್ಬರ ಭುಜದ ಅಗಲವೇ ಚಿತ್ರದ ಆಕಾರ, ಅಡ್ಡವೇ ಒಪ್ಪುತ್ತದೆ. ಅನುಮಾನ ಬಂದರೆ ಎರಡೂ ತೆಗೆಯಿರಿ, ಖರ್ಚೇನೂ ಇಲ್ಲ. ಪತ್ರಿಕೆಗಳಿಗೆ ತೆಗೆಯುವ ಛಾಯಾಗ್ರಾಹಕರೂ ಹೀಗೇ ಮಾಡುತ್ತಾರೆ. ಒಳಪುಟಕ್ಕೆ ಹೋಗುತ್ತದೋ ಮುಖಪುಟಕ್ಕೆ ಹೋಗುತ್ತದೋ ತೆಗೆಯುವಾಗ ಅವರಿಗೂ ಗೊತ್ತಿರುವುದಿಲ್ಲ.

ಪನೋರಮಾ ತೆಗೆಯುವಾಗ ಮಾತ್ರ ಎಲ್ಲ ತಲೆಕೆಳಗು. ಅಗಲವಾದ ದೃಶ್ಯಕ್ಕೆ ಫೋನನ್ನು ಉದ್ದ ಹಿಡಿದು ಪಕ್ಕಕ್ಕೆ ತಿರುಗಿಸಬೇಕು. ಆಗ ಎತ್ತರ ಚೆನ್ನಾಗಿ ಸಿಗುತ್ತದೆ, ಅಗಲ ನೀವು ತಿರುಗಿದಷ್ಟೂ ಬರುತ್ತದೆ.

ಉದ್ದ ತೆಗೆದ ಫೋಟೋ ಕಂಪ್ಯೂಟರಿನಲ್ಲಿ ಪಕ್ಕಕ್ಕೆ ಮಲಗಿರುವುದನ್ನು ನೀವೂ ನೋಡಿರಬಹುದು. ಫೋನ್ ಹೇಗೆ ಹಿಡಿದರೂ ಸೆನ್ಸರ್ ತನ್ನ ರೀತಿಯಲ್ಲೇ ಚಿತ್ರ ಬರೆದುಕೊಳ್ಳುತ್ತದೆ. 'ಇದನ್ನು ತೋರಿಸುವಾಗ ಇಷ್ಟು ತಿರುಗಿಸಿ' ಅನ್ನುವ ಒಂದು ಗುರುತನ್ನು ಫೈಲಿನ ಜೊತೆ ಸೇರಿಸುತ್ತದೆ. ಎಕ್ಸಿಫ್ ಅನ್ನುವ ಮಾಹಿತಿಯಲ್ಲಿ ಅದು 1ರಿಂದ 8ರವರೆಗಿನ ಒಂದು ಅಂಕಿ. ಕೆಲವು ಹಳೆಯ ಸಾಫ್ಟ್‌ವೇರ್ ಆ ಗುರುತನ್ನು ಓದುವುದೇ ಇಲ್ಲ, ಅಲ್ಲಿ ಫೋಟೋ ಮಲಗಿಬಿಡುತ್ತದೆ. ಫೋಟೋ ಹಾಳಾಗಿಲ್ಲ, ತಿರುಗಿಸಿ ಸೇವ್ ಮಾಡಿದರೆ ಸಾಕು.

ಆ ಅಂಕಿಯನ್ನು ಫೋನ್ ಹಾಕುವುದು ಭೂಮಿ ಯಾವ ಕಡೆ ಎಳೆಯುತ್ತಿದೆ ಅಂತ ನೋಡಿಕೊಂಡು. ಮೇಜಿನ ಮೇಲಿನ ಕಾಗದ ತೆಗೆಯಲು ಫೋನನ್ನು ಪೂರ್ತಿ ಕೆಳಮುಖ ಮಾಡಿದಾಗ ಅದಕ್ಕೆ ಅಡ್ಡ ಉದ್ದ ತಿಳಿಯುವುದಿಲ್ಲ. ಅದಕ್ಕೇ ದಾಖಲೆಗಳ ಫೋಟೋ ಅಷ್ಟು ಸಲ ಸೊಟ್ಟ ಬರುವುದು. ಮೊದಲು ಫೋನನ್ನು ಮುಖದ ಎದುರು ಬೇಕಾದ ಹಾಗೆ ಹಿಡಿದು, ಪರದೆಯ ಗುರುತುಗಳು ತಿರುಗಿದ್ದನ್ನು ನೋಡಿ, ಆಮೇಲೆ ನಿಧಾನವಾಗಿ ಬಗ್ಗಿಸಿ. ಸರಿ ಬರುತ್ತದೆ.

ಇನ್ನು ವಿಡಿಯೋ. ನಿಮ್ಮ ಅಣ್ಣ, ಮಗಳ ಜಗಳ ನಿಜವಾಗಿ ಇರುವುದು ಇಲ್ಲಿ.

ಟಿವಿ 16:9. ಈ ಆಕಾರ ಹುಟ್ಟಿದ್ದೂ ಒಂದು ರಾಜಿ ಪಂಚಾಯಿತಿಯಲ್ಲೇ. 1980ರ ದಶಕದಲ್ಲಿ ಎಚ್‌ಡಿ ಟಿವಿಗೆ ಆಕಾರ ಹುಡುಕುತ್ತಿದ್ದರು. ಹಳೆಯ ಟಿವಿ 4:3, ಸಿನಿಮಾ ಪರದೆಯ ಅಗಲ ಎತ್ತರದ 2.35 ಪಟ್ಟು. ಕೆರ್ನ್ಸ್ ಪವರ್ಸ್ ಎಂಬ ಇಂಜಿನಿಯರ್ ಬಳಕೆಯಲ್ಲಿದ್ದ ಆಕಾರಗಳನ್ನೆಲ್ಲ ಒಂದೇ ವಿಸ್ತೀರ್ಣದ ಆಯತಗಳಾಗಿ ಮಾಡಿ, ನಡುವೆ ನಡು ಕೂಡಿಸಿ ಒಂದರ ಮೇಲೊಂದು ಇಟ್ಟರು. ಎಲ್ಲವನ್ನೂ ಸುತ್ತುವರಿಯುವ ಹೊರಗಿನ ಆಯತವೂ, ಎಲ್ಲಕ್ಕೂ ಒಳಗೆ ಸೇರುವ ಆಯತವೂ ಸುಮಾರು 1.77 ಬಂದವು. ಅದೇ 16:9. ಯಾವ ಆಕಾರದ ಚಿತ್ರ ತೋರಿಸಿದರೂ ಕಪ್ಪು ಪಟ್ಟಿ ವಿಪರೀತ ಆಗಬಾರದು ಅನ್ನುವುದು ಅದರ ಉದ್ದೇಶ. ಉದ್ದ ನಿಂತ ಚಿತ್ರ ಒಂದು ದಿನ ಟಿವಿಗೆ ಬರುತ್ತದೆ ಅಂತ ಆಗ ಯಾರ ತಲೆಯಲ್ಲೂ ಇರಲಿಲ್ಲ.

ನೀವು ತೆಗೆದದ್ದು 9:16. ಅದನ್ನು ಟಿವಿಯಲ್ಲಿ ತೋರಿಸಿದರೆ ಪರದೆಯ ಮೂರನೇ ಒಂದು ಪಾಲೂ ತುಂಬುವುದಿಲ್ಲ, ನೂರಕ್ಕೆ 32ರ ಹತ್ತಿರ. ಉಳಿದದ್ದೆಲ್ಲ ನೀವು ನೋಡಿದ ಕಪ್ಪು. ಈಗ ಮಗಳ ಕಡೆಯ ಲೆಕ್ಕ. ಅಡ್ಡ ತೆಗೆದ 16:9 ವಿಡಿಯೋವನ್ನು 20:9 ಫೋನಿನಲ್ಲಿ, ಫೋನ್ ತಿರುಗಿಸದೆ ನೋಡಿದರೆ ಪರದೆಯ ಕಾಲು ಪಾಲು ಮಾತ್ರ ಸಿಗುತ್ತದೆ. ಮುಖಗಳು ಕಡಲೆಕಾಳಿನಷ್ಟು. ಮಗಳ ಮಾತಿನ ಹಿಂದೆ ಈ ಅಂಕಿ ಇದೆ. ನಿಮ್ಮ ಮನೆಯಲ್ಲಿ ಯಾರ ಪಕ್ಷ ವಹಿಸಲಿ ಹೇಳಿ?

ನಾನು ವಹಿಸುವುದು ವಿಡಿಯೋ ಎಷ್ಟು ವರ್ಷ ಉಳಿಯಬೇಕು ಅನ್ನುವುದರ ಮೇಲೆ. ಇವತ್ತು ಸಂಜೆ ಗುಂಪಿಗೆ ಕಳುಹಿಸಿ ನಾಳೆ ಮರೆಯುವಂಥದ್ದು, ಒಬ್ಬರೇ ಕ್ಯಾಮೆರಾ ನೋಡಿ ಮಾತಾಡುವುದು, ಮಗುವಿನ ಹೆಜ್ಜೆ, ರೀಲ್ಸ್, ಸ್ಟೇಟಸ್, ಇವಕ್ಕೆ ಉದ್ದ ಹಿಡಿಯಿರಿ, ಸಂಕೋಚ ಬೇಡ. ಉದ್ದ ವಿಡಿಯೋ ಅಂದರೆ ಮೂಗು ಮುರಿಯುವ ಕಾಲ ಹೋಯಿತು. ಯೂಟ್ಯೂಬ್ ಶಾರ್ಟ್ಸ್ ಈಗ ಮೂರು ನಿಮಿಷದವರೆಗೆ ಒಪ್ಪುತ್ತದೆ, ಅದು ಕೇಳುವುದೇ ಉದ್ದ ಅಥವಾ ಚೌಕ. ಆದರೆ ಹತ್ತು ಜನ ಸೇರಿದ ಕೋಣೆ, ವೇದಿಕೆ ಕಾರ್ಯಕ್ರಮ, ಆಟದ ಮೈದಾನ, ಅಪ್ಪ ತಮ್ಮ ಬಾಲ್ಯದ ಕತೆ ಹೇಳುತ್ತಿರುವ ಅರ್ಧ ಗಂಟೆ, ಇವೆಲ್ಲ ಅಡ್ಡ. ಇಂಥದ್ದನ್ನು ಜನ ಒಟ್ಟಿಗೆ ಕೂತು ನೋಡುತ್ತಾರೆ. ಒಟ್ಟಿಗೆ ಕೂತು ನೋಡುವ ಪರದೆಗಳೆಲ್ಲ ಇನ್ನೂ ಅಡ್ಡವೇ ಇವೆ.

ಇದನ್ನು ನಾನು ಕಲಿತದ್ದೂ ಪೆಟ್ಟು ತಿಂದೇ. ಗೆಳೆಯರ ನಾಟಕ. ಮುಂದಿನ ಸಾಲಿನಲ್ಲೇ ಜಾಗ ಸಿಕ್ಕಿತ್ತು. ಇಡೀ ಒಂದು ಗಂಟೆ ಫೋನ್ ಉದ್ದ ಹಿಡಿದು ತೆಗೆದೆ, ಯಾಕೆ ಅಂತ ಇವತ್ತಿಗೂ ಗೊತ್ತಿಲ್ಲ, ಕೈಗೆ ಬಂದ ಹಾಗೆ. ಮನೆಗೆ ಬಂದು ನೋಡಿದರೆ ಮೇಲಿನ ಅರ್ಧ ಬರೀ ಸೀಲಿಂಗ್ ದೀಪಗಳು. ಎಡಗಡೆಯಿಂದ ಒಬ್ಬ ಮಾತಾಡುತ್ತಾನೆ, ಬಲಗಡೆಯಿಂದ ಉತ್ತರ ಬರುತ್ತದೆ, ಇಬ್ಬರೂ ಒಟ್ಟಿಗೆ ಒಂದು ಸಲವೂ ಕಾಣುವುದಿಲ್ಲ. ಗೆಳೆಯರು 'ರೇಡಿಯೋ ನಾಟಕ ಚೆನ್ನಾಗಿ ಬಂದಿದೆ' ಅಂದರು.

ಉದ್ದ ತೆಗೆದದ್ದನ್ನು ಆಮೇಲೆ ಅಡ್ಡ ಮಾಡಬಹುದಲ್ಲ ಅಂತ ಕೇಳುತ್ತೀರಿ. ಮಾಡಬಹುದು, ಲೆಕ್ಕ ನೋಡಿ. 1080×1920ರ ಉದ್ದ ವಿಡಿಯೋದಿಂದ 16:9 ಕತ್ತರಿಸಿದರೆ 1080×607 ಉಳಿಯುತ್ತದೆ. ಮೂರರಲ್ಲಿ ಎರಡು ಪಾಲಿಗಿಂತ ಜಾಸ್ತಿ ಹೋಯಿತು. ಟಿವಿಯಲ್ಲಿ ಮಸುಕು ಮಸುಕು. ಅಡ್ಡದಿಂದ ಉದ್ದ ಮಾಡುವುದಕ್ಕೂ ನಷ್ಟ ಅಷ್ಟೇ, ಆದರೆ ಅಲ್ಲಿ ಒಂದು ಉಪಾಯ ಇದೆ. ಫೋನಿನಲ್ಲಿ 4ಕೆ ಇದ್ದರೆ ಅಡ್ಡ ಹಿಡಿದು 4ಕೆಯಲ್ಲಿ ತೆಗೆಯಿರಿ. ಅದು 3840×2160. ಅದರಿಂದ ಉದ್ದಕ್ಕೆ ಕತ್ತರಿಸಿದರೂ 1215×2160 ಉಳಿಯುತ್ತದೆ. ಫೋನಿನಲ್ಲಿ ನೋಡುವ ಉದ್ದ ವಿಡಿಯೋಗೆ 1080×1920 ಇದ್ದರೆ ಸಾಕು, ಅಂದರೆ ಬೇಕಾದದ್ದಕ್ಕಿಂತ ಜಾಸ್ತಿಯೇ ಇದೆ. ಟಿವಿಗೂ ಆಯಿತು, ಮಗಳ ರೀಲ್ಸಿಗೂ ಆಯಿತು. ಒಂದೇ ಷರತ್ತು: ಮುಖ್ಯವಾದ ವ್ಯಕ್ತಿ ನಡುವಿನ ಮೂರನೇ ಒಂದು ಭಾಗದೊಳಗೇ ಇರುವ ಹಾಗೆ ನೋಡಿಕೊಂಡು ತೆಗೆಯಬೇಕು. ಫೋನಿನಲ್ಲಿ ಗ್ರಿಡ್ ಗೆರೆಗಳನ್ನು ಆನ್ ಮಾಡಿಕೊಂಡರೆ ಆ ಭಾಗ ಕಣ್ಣಿಗೆ ಕಾಣುತ್ತದೆ. 4ಕೆ ವಿಡಿಯೋ ಫೋನಿನ ಜಾಗವನ್ನು ಬೇಗ ತಿನ್ನುತ್ತದೆ, ಮೊದಲೇ ಖಾಲಿ ಮಾಡಿಕೊಂಡು ಹೋಗಿ.

ಎಲ್ಲದಕ್ಕಿಂತ ದೊಡ್ಡ ತಪ್ಪು ಅಂದರೆ ತೆಗೆಯುತ್ತಾ ತೆಗೆಯುತ್ತಾ ಫೋನ್ ತಿರುಗಿಸುವುದು. ವಿಡಿಯೋ ಅಡ್ಡವೋ ಉದ್ದವೋ ಅಂತ ಫೋನ್ ನಿರ್ಧಾರ ಮಾಡುವುದು ಕೆಂಪು ಬಟನ್ ಒತ್ತಿದ ಆ ಕ್ಷಣದಲ್ಲಿ. ಆಮೇಲೆ ತಿರುಗಿಸಿದರೆ ಚೌಕಟ್ಟು ತಿರುಗುವುದಿಲ್ಲ, ಒಳಗಿನ ಜನ ಮಾತ್ರ ಗೋಡೆಯ ಮೇಲೆ ಹಲ್ಲಿಯ ಹಾಗೆ ನಡೆಯುತ್ತಾರೆ. ತಿರುಗಿಸಲೇಬೇಕು ಅನ್ನಿಸಿದರೆ ನಿಲ್ಲಿಸಿ, ತಿರುಗಿಸಿ, ಹೊಸದಾಗಿ ಶುರು ಮಾಡಿ. ಒಂದೇ ಸಮಾರಂಭದ ತುಣುಕುಗಳಲ್ಲಿ ಕೆಲವು ಅಡ್ಡ, ಕೆಲವು ಉದ್ದ ಇದ್ದರೆ ಆಮೇಲೆ ಜೋಡಿಸುವವರಿಗೂ ಕಷ್ಟ, ನೋಡುವವರಿಗೂ ಕಷ್ಟ. ಶುರುವಿನಲ್ಲೇ ಒಂದನ್ನು ಹಿಡಿದು ಅದಕ್ಕೇ ಅಂಟಿಕೊಳ್ಳಿ.

ಇನ್ನೊಂದು ಚಿಕ್ಕ ಮಾತು. ಫೋಟೋ ಮೋಡ್‌ನಲ್ಲಿ ಎಲ್ಲರೂ ಚೆನ್ನಾಗಿ ಹಿಡಿಸಿರುತ್ತಾರೆ, ವಿಡಿಯೋಗೆ ಹೋದ ತಕ್ಷಣ ತುದಿಯವರು ಹೊರಗೆ. ಇದಕ್ಕೂ ಕಾರಣ ಆ 4:3 ಸೆನ್ಸರೇ. ವಿಡಿಯೋಗೆ ಅದರಿಂದ 16:9 ಕತ್ತರಿಸುತ್ತದೆ. ಕೈ ನಡುಕ ಕಾಣದಿರಲಿ ಅಂತ ಸುತ್ತ ಇನ್ನಷ್ಟು ಕತ್ತರಿಸಿ ಇಟ್ಟುಕೊಳ್ಳುತ್ತದೆ. ಹಾಗಾಗಿ ವಿಡಿಯೋಗೆ ನಿಲ್ಲುವ ಜಾಗವನ್ನು ವಿಡಿಯೋ ಮೋಡ್‌ನಲ್ಲೇ ನೋಡಿ ಆರಿಸಿ. ಅಡ್ಡ ಹಿಡಿಯುವಾಗ ಲೆನ್ಸ್ ಮೇಲಿನ ಮೂಲೆಗೆ ಬರುವ ಹಾಗೆ ತಿರುಗಿಸಿ, ಇಲ್ಲದಿದ್ದರೆ ಬೆರಳೂ ವಿಡಿಯೋದಲ್ಲಿ ಪಾತ್ರ ಮಾಡುತ್ತದೆ.

ಮಗಳ ಪಕ್ಷಕ್ಕೂ ಎರಡು ಮಾತು. ಇನ್‌ಸ್ಟಾಗ್ರಾಂ 2010ರಲ್ಲಿ ಶುರುವಾದಾಗ ಚೌಕ ಬಿಟ್ಟು ಬೇರೆ ಏನೂ ಒಪ್ಪುತ್ತಿರಲಿಲ್ಲ. 2015ರಲ್ಲಿ ಅಡ್ಡ, ಉದ್ದ ಎರಡಕ್ಕೂ ಜಾಗ ಕೊಟ್ಟಿತು, ಉದ್ದಕ್ಕೆ 4:5ರ ಮಿತಿ ಇತ್ತು. 2025ರಲ್ಲಿ 3:4 ಕೂಡ ಬಂತು. ಅಂದರೆ ನೀವು ಉದ್ದ ಹಿಡಿದು ತೆಗೆದ ಮಾಮೂಲಿ ಫೋಟೋ ಈಗ ಕತ್ತರಿ ತಾಗದೆ ಅಲ್ಲಿ ಹೋಗುತ್ತದೆ. 1:1 ಇಟ್ಟೇ ತೆಗೆಯಬೇಕು ಅನ್ನುವ ಹಳೆಯ ಸಲಹೆಗೆ ಈಗ ಅರ್ಥ ಉಳಿದಿಲ್ಲ. ರೀಲ್ಸ್ 9:16ರದ್ದು. ಆದರೆ ಪೂರ್ತಿ 9:16 ನಿಮ್ಮದಲ್ಲ. ಕೆಳಗೆ ಹೆಸರು, ಬರಹ ಬರುತ್ತದೆ, ಬಲಗಡೆ ಬಟನ್‌ಗಳು ಸಾಲಾಗಿ ಕೂರುತ್ತವೆ. ಮುಖವನ್ನು ನಡುವಿಗಿಂತ ಸ್ವಲ್ಪ ಮೇಲೆ ಇಡಿ. ವಿಡಿಯೋ ಮೇಲೆ ಅಕ್ಷರ ಹಾಕುವುದಾದರೆ ತೀರಾ ಕೆಳಗೆ ಹಾಕಬೇಡಿ.

ಫೋನ್ ಮಾಡುವವರಿಗೂ ಈ ಅಡ್ಡ ಉದ್ದದ ರಗಳೆ ಸಾಕಾಗಿದೆ ಅನ್ನಿಸುತ್ತದೆ. 2025ರಲ್ಲಿ ಬಂದ ಐಫೋನ್ 17ರ ಮುಂದಿನ ಕ್ಯಾಮೆರಾದಲ್ಲಿ ಸೆನ್ಸರನ್ನೇ ಚೌಕ ಮಾಡಿಬಿಟ್ಟಿದ್ದಾರೆ. ಫೋನ್ ಉದ್ದ ಹಿಡಿದುಕೊಂಡೇ ಅಡ್ಡ ಸೆಲ್ಫಿ ತೆಗೆಯಬಹುದು. ಹಿಂದಿನ ಕ್ಯಾಮೆರಾಗೆ ಆ ಭಾಗ್ಯ ಇನ್ನೂ ಬಂದಿಲ್ಲ.

ಆಗಲೇ ಉದ್ದ ತೆಗೆದಾಗಿರುವ ನಿಮ್ಮ ವಿಡಿಯೋಗಳನ್ನು ಏನು ಮಾಡುವುದು? ಟಿವಿಯ ಝೂಮ್ ಒತ್ತಿ ಹಿಗ್ಗಿಸಬೇಡಿ. ಅಗಲಕ್ಕೆ ಮಾತ್ರ ಎಳೆದರೆ ಅಪ್ಪ ಕುಳ್ಳಗೆ ದಪ್ಪಗೆ ಕಾಣುತ್ತಾರೆ, ಅದಕ್ಕಿಂತ ಕಪ್ಪೇ ವಾಸಿ. ಆ ಕಪ್ಪಿನ ಜಾಗದಲ್ಲಿ ಅದೇ ವಿಡಿಯೋವನ್ನು ಮಸುಕು ಮಾಡಿ ಹಾಕುವ ರೂಢಿ ಇದೆ, ನನಗೆ ಅದು ಅಷ್ಟು ಹಿಡಿಸುವುದಿಲ್ಲ, ಕಣ್ಣು ಪಕ್ಕಕ್ಕೇ ಎಳೆಯುತ್ತದೆ. ಇದಕ್ಕಿಂತ ಚೆನ್ನಾದ ದಾರಿ ಇದೆ. ಮೂರು ಉದ್ದ ಚಿತ್ರಗಳನ್ನು ಪಕ್ಕಪಕ್ಕ ಇಟ್ಟರೆ 16:9 ಪರದೆ ಹೆಚ್ಚುಕಡಿಮೆ ಪೂರ್ತಿ ತುಂಬುತ್ತದೆ. ಪರದೆ 16 ಪಾಲು ಅಗಲ ಅಂದುಕೊಂಡರೆ ಒಂದೊಂದು ಪಟ್ಟಿ ಐದು ಪಾಲು, ಮೂರಕ್ಕೆ ಹದಿನೈದು. ನಡುವೆ ಅಪ್ಪ ಮಾತಾಡುವ ವಿಡಿಯೋ ಇಡಿ. ಎಡಬಲದಲ್ಲಿ ಆ ದಿನವೇ ಉದ್ದ ಹಿಡಿದು ತೆಗೆದ ಬೇರೆ ಎರಡು ತುಣುಕುಗಳನ್ನು ಸದ್ದಿಲ್ಲದೆ ಓಡಿಸಿ. ಫೋನಿನಲ್ಲಿರುವ ಸಾಧಾರಣ ಎಡಿಟಿಂಗ್ ಆ್ಯಪ್‌ಗಳಲ್ಲೇ ಇದು ಆಗುತ್ತದೆ. ಮಗಳಿಗೆ ಹೇಳಿದರೆ ಹತ್ತು ನಿಮಿಷದ ಕೆಲಸ.

ಮುಂದಿನ ಸಲ ಎಲ್ಲರೂ ಸೇರಿದಾಗ ಅವಳು ಅವಳ ಫೋನನ್ನು ಉದ್ದ ಹಿಡಿಯಲಿ, ನೀವು ನಿಮ್ಮದನ್ನು ಅಡ್ಡ ಹಿಡಿಯಿರಿ. ಆದರೆ ಇಬ್ಬರೂ ಕೋಣೆಯ ಒಂದೇ ಬದಿಯಲ್ಲಿ ನಿಲ್ಲಿ. ಎದುರುಬದುರು ನಿಂತರೆ ನಿಮ್ಮ ವಿಡಿಯೋದಲ್ಲಿ ಎಡಕ್ಕೆ ತಿರುಗಿದ ಅಪ್ಪ ಅವಳ ವಿಡಿಯೋದಲ್ಲಿ ಬಲಕ್ಕೆ ತಿರುಗಿರುತ್ತಾರೆ, ಎರಡನ್ನೂ ಜೋಡಿಸಿದಾಗ ಅವರು ಯಾರ ಜೊತೆ ಮಾತಾಡುತ್ತಿದ್ದಾರೆ ಅಂತಲೇ ತಿಳಿಯುವುದಿಲ್ಲ.